ಮತ್ತೆ ಮತ್ತೆ ಓದುವುದೋ, ಪುಸ್ತಕ ಮುಚ್ಚಿ ಬರೆಯುವುದೋ: ಎರಡನ್ನೂ ಮಾಡಿ ನೋಡಿದ ಮೇಲೆ

ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಕೂತ ಮೊದಲ ಮೂರು ತಿಂಗಳು ನನ್ನದು ಒಂದೇ ಕ್ರಮ. ಓದುವುದು, ಹೈಲೈಟರಿನಲ್ಲಿ ಗೆರೆ ಎಳೆಯುವುದು, ಮುಗಿದರೆ ಮೊದಲಿನಿಂದ ಮತ್ತೆ ಓದುವುದು. ಸಂವಿಧಾನದ ಮೂಲಭೂತ ಹಕ್ಕುಗಳ ಅಧ್ಯಾಯವನ್ನೇ ಐದು ಸಲ ಮುಗಿಸಿದ್ದೆ. ಆದರೂ ರಿಟ್ (ಹಕ್ಕು ಕಾಪಾಡಲು ಕೋರ್ಟು ಕೊಡುವ ಆದೇಶ) ಹೊರಡಿಸುವ ಅಧಿಕಾರವನ್ನು ಹೈಕೋರ್ಟಿಗೆ ಕೊಡುವ ವಿಧಿ ಯಾವುದು ಎಂದು ಮಾದರಿ ಪರೀಕ್ಷೆಯಲ್ಲಿ ಕೇಳಿದಾಗ 32ಕ್ಕೆ ಗುರುತು ಹಾಕಿ ಬಂದೆ. ಅದು ಸುಪ್ರೀಂ ಕೋರ್ಟಿನದು, ಹೈಕೋರ್ಟಿನದು 226. ಆ ಸಾಲು ಪುಟದ ಯಾವ ಮೂಲೆಯಲ್ಲಿದೆ, ಅದಕ್ಕೆ ಯಾವ ಬಣ್ಣ ಬಳಿದಿದ್ದೆ ಎನ್ನುವುದು ಮಾತ್ರ ಚೆನ್ನಾಗಿ ನೆನಪಿತ್ತು.

ಓದಿನ ಕ್ರಮವನ್ನೇ ಪರೀಕ್ಷೆಗೆ ಒಡ್ಡೋಣ ಎನಿಸಿತು. ಬಾದಾಮಿ ಚಾಲುಕ್ಯರನ್ನು ಹಳೆಯ ರೀತಿಯಲ್ಲೇ ಮೂರು ಸಲ ಓದಿದೆ. ರಾಷ್ಟ್ರಕೂಟರನ್ನು ಒಂದೇ ಸಲ ಓದಿ, ಪುಸ್ತಕ ಮುಚ್ಚಿ, ನೆನಪಿಗೆ ಬಂದದ್ದನ್ನೆಲ್ಲ ಖಾಲಿ ಹಾಳೆಯ ಮೇಲೆ ಬರೆದೆ. ಆಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ತುಂಬಿದೆ. ಎರಡಕ್ಕೂ ಕೊಟ್ಟ ಸಮಯ ಒಂದೇ. ಆ ರಾತ್ರಿ ಚಾಲುಕ್ಯರು ಬಾಯಿಗೆ ಬಂದಂತೆಯೇ ಇದ್ದರು. ರಾಷ್ಟ್ರಕೂಟರ ಹಾಳೆ ಅರ್ಧ ಕೆಂಪಾಗಿತ್ತು. ದಂತಿದುರ್ಗನ ನಂತರ ಯಾರು, ಎಲ್ಲೋರದ ಕೈಲಾಸ ದೇವಾಲಯ ಯಾರ ಕಾಲದ್ದು ಎನ್ನುವುದಕ್ಕೇ ತಡವರಿಸಿದ್ದೆ. ಎರಡಕ್ಕೂ ಉತ್ತರ ಒಬ್ಬನೇ, ಒಂದನೇ ಕೃಷ್ಣ.

ಹತ್ತು ದಿನ ಬಿಟ್ಟು ಹಳೇ ಪ್ರಶ್ನೆಪತ್ರಿಕೆಗಳಿಂದ ತಲಾ 25 ಪ್ರಶ್ನೆ ಆಯ್ದು ಬಿಡಿಸಿದೆ. ಚಾಲುಕ್ಯರಲ್ಲಿ 11 ಸರಿ, ರಾಷ್ಟ್ರಕೂಟರಲ್ಲಿ 18.

ಇದು ನನ್ನೊಬ್ಬನ ಅನುಭವವಲ್ಲ. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಹೀಗೇ ಆಗಿದೆ. ಓದಿ ಐದು ನಿಮಿಷಕ್ಕೆ ಕೇಳಿದಾಗ ಮತ್ತೆ ಓದಿದವರೇ ಮುಂದು: ಶೇ. 81, ನೆನಪಿನಿಂದ ಬರೆದವರು ಶೇ. 75. ಒಂದು ವಾರದ ನಂತರ ತಿರುಗಾಮುರುಗಾ: ಮತ್ತೆ ಓದಿದವರು ಶೇ. 42, ಬರೆದವರು ಶೇ. 56. ಓದಿದ ರಾತ್ರಿಯ ಧೈರ್ಯವನ್ನು ನಂಬಿಯೇ ನಾನು ಮೂರು ತಿಂಗಳು ಕಳೆದಿದ್ದೆ. ಈಗಷ್ಟೇ ಓದಲು ಕೂತಿರುವ ತಮ್ಮ ತಂಗಿಯರಿಗೆ ಇದೊಂದನ್ನು ಕೈಹಿಡಿದು ಹೇಳಬೇಕೆನಿಸುತ್ತದೆ.

ವಿಧಿ, ತಿದ್ದುಪಡಿ, ಇಸವಿಗಳಿಗೆ ಹಾಳೆಗಿಂತ ಕಾರ್ಡು ವಾಸಿ. ಮನೆಯಲ್ಲಿ ರಾಶಿ ಬಿದ್ದಿದ್ದ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಖಾಲಿ ಹಿಂಬದಿಯಲ್ಲಿ ಪ್ರಶ್ನೆ ಬರೆದು, ಮೂರು ಪೇಡೆ ಡಬ್ಬಿಗಳಲ್ಲಿ ಹಾಕಿಟ್ಟೆ. ಮೊದಲ ಡಬ್ಬಿ ದಿನಾ, ಎರಡನೆಯದು ಮೂರು ದಿನಕ್ಕೊಮ್ಮೆ, ಮೂರನೆಯದು ವಾರಕ್ಕೊಮ್ಮೆ. ಉತ್ತರ ಸರಿಯಾದರೆ ಕಾರ್ಡು ಮುಂದಿನ ಡಬ್ಬಿಗೆ, ತಪ್ಪಿದರೆ ಮತ್ತೆ ಮೊದಲನೆಯದಕ್ಕೆ. ಜರ್ಮನ್ ಭಾಷೆಯಲ್ಲಿ ಬರೆಯುತ್ತಿದ್ದ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ತಿಳಿಸಿಕೊಟ್ಟ ಉಪಾಯವಿದು. ಇದೇ ಕೆಲಸವನ್ನು ಮೊಬೈಲಿನಲ್ಲಿ ಮಾಡುವ ಆಂಕಿ ಆ್ಯಪನ್ನೂ ಒಂದು ತಿಂಗಳು ಬಳಸಿದೆ. ಯಾವ ಕಾರ್ಡು ಯಾವತ್ತು ಎಂಬ ಲೆಕ್ಕವನ್ನು ಅದೇ ಇಡುತ್ತದೆ, ಬಸ್ಸಿನಲ್ಲಿ ಓಡಾಡುವವರಿಗೆ ಅನುಕೂಲ. ನನಗಂತೂ ಮೊಬೈಲು ಕೈಗೆ ಬಂದರೆ ಓದು ಹತ್ತು ನಿಮಿಷ, ಉಳಿದದ್ದು ಮುಕ್ಕಾಲು ಗಂಟೆ. ಡಬ್ಬಿಗಳಿಗೇ ಮರಳಿದೆ.

ಆದರೆ ಕಾರ್ಡಿನಿಂದ ಕಾರಣ ತಿಳಿಯುವುದಿಲ್ಲ. ಆಸ್ತಿಯ ಹಕ್ಕು 1978ರ 44ನೇ ತಿದ್ದುಪಡಿಯಿಂದ ಮೂಲಭೂತ ಹಕ್ಕಿನ ಪಟ್ಟಿಯಿಂದ ಹೊರಬಿದ್ದು 300ಎ ವಿಧಿಯಾಯಿತು ಎಂದು ನಾನು ಪಟಪಟನೆ ಒಪ್ಪಿಸಿದಾಗ, ರೂಮಿನ ಗೆಳೆಯ ತಡೆದ: "ನಂಬರ್ ಬ್ಯಾಡಲೇ, ಅದನ್ ಯಾಕ ತಗದ್ರು ಅಂತ ಹೇಳು." ಹೇಳಲು ಹೊರಟರೆ ಎರಡನೇ ವಾಕ್ಯಕ್ಕೇ ನಿಂತೆ. ಜಮೀನ್ದಾರಿ ರದ್ದತಿ, ಭೂಸುಧಾರಣೆ, ಪರಿಹಾರಕ್ಕಾಗಿ ಕೋರ್ಟು ಮೆಟ್ಟಿಲೇರಿದ ಮೊಕದ್ದಮೆಗಳು, 1951ರ ಮೊದಲನೇ ತಿದ್ದುಪಡಿ ಎಲ್ಲವನ್ನೂ ಜೋಡಿಸಿಕೊಂಡು ಮರುದಿನ ಅವನಿಗೆ ಹೇಳಿದೆ. ಅಂದಿನಿಂದ ಸಂವಿಧಾನಕ್ಕೆ ಮೊದಲು ವಿವರಣೆ, ಆಮೇಲೆ ಕಾರ್ಡು. ಕೇಳುವವರಿಲ್ಲದ ದಿನ ಗೋಡೆಗೆ ಹೇಳಿದರೂ ಎಲ್ಲಿ ತಡವರಿಸುತ್ತೇನೆಂದು ಗೊತ್ತಾಗುತ್ತದೆ.

ಗಣಿತದ ದಾರಿ ಬೇರೆ. ಲಾಭ-ನಷ್ಟದ 40 ಲೆಕ್ಕ ಒಂದೇ ಸಮನೆ ಬಿಡಿಸಿದರೆ ಕೈ ಓಡುತ್ತದೆ, ಏಕೆಂದರೆ ಯಾವ ಸೂತ್ರ ಎನ್ನುವುದು ಮೊದಲೇ ಗೊತ್ತು. ಪರೀಕ್ಷೆಯಲ್ಲಿ ಕಷ್ಟವಾಗುವುದು ಆ ಆಯ್ಕೆಯೇ. ಹಾಗಾಗಿ ಪ್ರತಿ ಬಗೆಯಲ್ಲೂ ಐದಾರು ಲೆಕ್ಕ ಮಾಡಿ ಕಲಿತ ಮೇಲೆ ಬಡ್ಡಿ, ಶೇಕಡಾವಾರು, ಕಾಲ-ಕೆಲಸ ಎಲ್ಲ ಕಲಸಿ ಬಿಡಿಸುತ್ತೇನೆ. ನಿಧಾನವಾಗುತ್ತದೆ, ತಪ್ಪೂ ಹೆಚ್ಚು. ಮಾದರಿ ಪರೀಕ್ಷೆಯ ಅಂಕ ಏರಿದ್ದು ಮಾತ್ರ ಹೀಗೆ ಮಾಡಿದ ಮೇಲೆಯೇ.

ಅಂದವಾಗಿ ನೋಟ್ಸ್ ನಕಲು ಮಾಡುವುದನ್ನು ಬಿಟ್ಟೇಬಿಟ್ಟೆ. ಗಂಟೆಗಟ್ಟಲೆ ಹೋಗುತ್ತಿತ್ತು, ಉಳಿಯುತ್ತಿದ್ದುದು ಅಕ್ಷರದ ಚೆಂದ. ಧ್ವನಿ ರೆಕಾರ್ಡ್ ಮಾಡಿ ಕೇಳುವುದು ಅಡುಗೆ ಮಾಡುವಾಗ ಪರವಾಗಿಲ್ಲ.

ಈಗ ಬೆಳಿಗ್ಗೆ ಎದ್ದೊಡನೆ ಡಬ್ಬಿಯ ಕಾರ್ಡು ಅರ್ಧ ಗಂಟೆ, ಆಮೇಲೆ ಹೊಸ ಅಧ್ಯಾಯ ಒಂದು ಸಲ ಓದಿ ಖಾಲಿ ಹಾಳೆ, ಮಧ್ಯಾಹ್ನ ಕಲಸಿದ ಲೆಕ್ಕ, ರಾತ್ರಿ ಊಟದ ಹೊತ್ತಿಗೆ ಗೆಳೆಯನಿಗೆ ವಿವರಣೆ. ಪ್ರಚಲಿತ ವಿದ್ಯಮಾನಕ್ಕೆ ಮಾತ್ರ ಇವು ಯಾವುವೂ ಪೂರ್ತಿ ಒಗ್ಗಿಲ್ಲ. ಸದ್ಯಕ್ಕೆ ಭಾನುವಾರ ವಾರದ ಪತ್ರಿಕೆಗಳನ್ನು ಪಕ್ಕಕ್ಕಿಟ್ಟು ನೆನಪಾದ ಹತ್ತು ಸುದ್ದಿ ಬರೆಯುತ್ತಿದ್ದೇನೆ. ಕಳೆದ ವಾರ ಏಳಕ್ಕೆ ನಿಂತಿತ್ತು.