ತರಕಾರಿ ಬರ್ಗರ್‌ಗೆ ಎರಕದ ಕಾವಲಿ

ಮೈಸೂರಿನ ದೇವರಾಜ ಮಾರುಕಟ್ಟೆ ಹತ್ತಿರದ ಪಾತ್ರೆ ಅಂಗಡಿಯಲ್ಲಿ ಕೊಂಡ ಎರಕದ ಕಬ್ಬಿಣದ ಕಾವಲಿಯಿಂದ ನಮ್ಮ ಮನೆಯ ತರಕಾರಿ ಬರ್ಗರ್‌ನ ರುಚಿಯೇ ಬದಲಾಗಿದೆ. ಆಲೂಗಡ್ಡೆ, ಬೀಟ್‌ರೂಟ್, ಬೀನ್ಸ್ ಬೆರೆಸಿ ತಟ್ಟಿದ ವಡೆ ಹಳೆಯ ತೆಳು ತವಾ ಮೇಲೆ ನೀರು ಬಿಟ್ಟು ಮೆತ್ತಗಾಗುತ್ತಿತ್ತು. ದಪ್ಪ ಕಬ್ಬಿಣ ಶಾಖವನ್ನು ಹಿಡಿದಿಟ್ಟುಕೊಳ್ಳುವುದರಿಂದ ತಣ್ಣನೆಯ ವಡೆ ಇಟ್ಟರೂ ಕಾವು ಬೇಗ ಇಳಿಯುವುದಿಲ್ಲ. ಚುರ್ ಎಂದು ಸದ್ದಾಗಿ, ಅಂಚು ಕಂದು ಬಣ್ಣಕ್ಕೆ ತಿರುಗಿ, ಸಟ್ಟುಗ ತೂರಿಸಿದರೆ ಒಡೆಯದೆ ಇಡಿಯಾಗಿ ಮೇಲೇಳುತ್ತದೆ. ಅವಲಕ್ಕಿ ಪುಡಿ ಸೇರಿಸಿದರೆ ಇನ್ನೂ ಚೆನ್ನ, ಅದು ತೇವವನ್ನು ಹೀರಿಕೊಳ್ಳುತ್ತದೆ. ಬನ್ನನ್ನೂ ಬೆಣ್ಣೆ ಸವರಿ ಇದರಲ್ಲೇ ಕೆಂಪಗೆ ಕಾಯಿಸುತ್ತೇನೆ. ತೂಕ ಮಾತ್ರ ವಿಪರೀತ, ಅತ್ತೆಯವರಿಗೆ ಒಂದು ಕೈಯಲ್ಲಿ ಎತ್ತಲಾಗುವುದಿಲ್ಲ. ತೊಳೆದ ಕೂಡಲೇ ಒರೆಸಿ ಎಣ್ಣೆ ಸವರದಿದ್ದರೆ ತುಕ್ಕು ಹಿಡಿಯುತ್ತದೆ. ಟೊಮೆಟೊ, ಹುಣಸೆಹುಳಿಯನ್ನು ಇದರಲ್ಲಿ ಕುದಿಸಬೇಡಿ, ಪಳಗಿದ ಮೇಲ್ಪದರ ಎದ್ದುಹೋಗುತ್ತದೆ.