ಸಂಡೂರು ಲಂಬಾಣಿ ಕಸೂತಿ ಅಂತ ಮಷಿನ್ ಬಟ್ಟೆ ಕಳಿಸುತ್ತಾರೆ, ಹುಷಾರು!

3,850 ರೂಪಾಯಿ ಹೋಯಿತು. ಮನೆಯವರಿಗೆ ಇನ್ನೂ ಪೂರ್ತಿ ಲೆಕ್ಕ ಹೇಳಿಲ್ಲ.

ಊಟದ ಟೇಬಲ್ ಮೇಲೆ ಹಾಸುವ ರನ್ನರ್ ಒಂದು, ಕುಶನ್ ಕವರ್ ನಾಲ್ಕು. ಇನ್‌ಸ್ಟಾಗ್ರಾಂನಲ್ಲಿ ನೋಡಿದ್ದು. 'ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳ ಕೈಕಸೂತಿ' ಅಂತ ಬರೆದಿತ್ತು. ವಿಡಿಯೋದಲ್ಲಿ ಒಬ್ಬ ಅಜ್ಜಿ ಸೂಜಿಗೆ ದಾರ ಪೋಣಿಸುತ್ತಿದ್ದರು. ಆ ಅಜ್ಜಿ ಮುಖ ನೋಡಿ ದುಡ್ಡು ಹಾಕಿದೆ. "ಕೈಕೆಲಸಕ್ಕೆ ಕ್ಯಾಶ್ ಆನ್ ಡೆಲಿವರಿ ಇರಲ್ಲ ಮೇಡಂ" ಅಂದಾಗಲಾದರೂ ಅನುಮಾನ ಬರಬೇಕಿತ್ತು, ಅಲ್ವಾ? ಬರಲಿಲ್ಲ. ನಾನಿರುವುದು ಬಳ್ಳಾರಿಯಲ್ಲಿ. ಬಸ್ಸು ಹತ್ತಿದರೆ ಒಂದೂವರೆ ಗಂಟೆಗೆ ಸಂಡೂರು!

ಗೃಹಪ್ರವೇಶದ ದಿನ ಹಾಸಿದೆ. ಬಂದವರಿಗೆಲ್ಲ ಕೊಚ್ಚಿಕೊಂಡೆ. ಇದಕ್ಕೆ 2010ರಲ್ಲೇ ಜಿಐ ಟ್ಯಾಗ್ (ಇದು ಆ ಊರಿನದೇ ಕಸುಬು ಅನ್ನುವ ಸರ್ಕಾರದ ಗುರುತು) ಸಿಕ್ಕಿದೆ, ಹದಿನಾಲ್ಕು ಥರ ಹೊಲಿಗೆ ಇದೆ, ಕಿಲನ್, ವೇಲೆ, ಮಾಕಿ... ಎಲ್ಲ ಓದಿಕೊಂಡಿದ್ದೆ. ಆಫೀಸಿನ ಗೆಳತಿಯೊಬ್ಬಳು ಲಂಬಾಣಿ ತಾಂಡಾದವಳು. ಸುಮ್ನೆ ರನ್ನರ್ ತುದಿ ಹಿಡಿದು ಮಗುಚಿದಳು, ಅಷ್ಟೇ. ಹಿಂದೆ ಬಿಳಿ ಕಾಗದದಂಥ ಹಾಳೆ ಅಂಟಿಸಿತ್ತು. ಒಂದೇ ಬಿಳಿ ದಾರ, ಈ ತುದಿಯಿಂದ ಆ ತುದಿಗೆ. ಗಂಟಿಲ್ಲ. ಎಲ್ಲ ಹೂವೂ ಅಚ್ಚು ಒತ್ತಿದ ಹಾಗೆ. ಕನ್ನಡಿಯನ್ನು ಉಗುರಿನಿಂದ ಕೆರೆದಳು. ಎದ್ದು ಬಂತು! ಪ್ಲಾಸ್ಟಿಕ್, ಗೋಂದಿನಲ್ಲಿ ಅಂಟಿಸಿದ್ದು. ನಿಜವಾದದ್ದರಲ್ಲಿ ಕನ್ನಡಿಯ ಸುತ್ತ ದಾರ ಸುತ್ತಿಯೇ ಹಿಡಿಸುತ್ತಾರಂತೆ.

"ಇದು ಕೈದಲ್ಲಕ್ಕ, ಮಷಿನ್ದು. ನಮ್ಮವ್ವ ನೋಡಿದ್ರೆ ನಗ್ತಾಳ" ಅಂದಳು. ಅವ್ವನವರೆಗೆ ಯಾಕೆ, ಅಲ್ಲಿದ್ದವರೇ ನಕ್ಕರು. ನಾದಿನಿ ಸ್ವಲ್ಪ ಜಾಸ್ತಿಯೇ ನಕ್ಕಳು.

ರಾತ್ರಿ ಮಾರಿದವರಿಗೇ ಫೋಟೋ ಹಾಕಿ ಕೇಳಿದೆ. ಬಂದ ಉತ್ತರ ಓದಿ: "ಮಷಿನ್ ಓಡಿಸೋದೂ ಕೈಯಲ್ಲೇ ಮೇಡಂ." ಜಿಐ ಟ್ಯಾಗ್ ಎಲ್ಲಿ ಅಂದೆ. "ಪ್ರೈಸ್ ಟ್ಯಾಗ್ ಒಳಗಡೆ ಇದೆ ನೋಡಿ ಮೇಡಂ." ಪ್ರೈಸ್ ಟ್ಯಾಗ್! ದುಡ್ಡು ವಾಪಸ್ ಕೊಡಿ ಅಂದೆ. "ಪಾರ್ಸೆಲ್ ಬಿಚ್ಚುವಾಗ ವಿಡಿಯೋ ಮಾಡಿದ್ದೀರಾ?" ಯಾರಾದರೂ ಮಾಡುತ್ತಾರಾ? ಆ ಅಜ್ಜಿ ಯಾರು ಅಂತ ಕೇಳಿದೆ. ಅಲ್ಲಿಗೆ ಬ್ಲಾಕ್.

ಆ ಅಜ್ಜಿಗೂ ಇವರಿಗೂ ಏನು ಸಂಬಂಧವೋ. ಅದೇ ಹೊಟ್ಟೆ ಉರಿಸುತ್ತಿದೆ, ದುಡ್ಡಿಗಿಂತ ಜಾಸ್ತಿ.

ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ, ನೋಡೋಣ. ನೀವು ತೊಗೊಳ್ಳುವುದಿದ್ದರೆ ಮೊದಲು ಹಿಂಬದಿಯ ಫೋಟೋ ಕೇಳಿ. ಕೊಡಲ್ಲ ಅಂದರೆ ಬಿಟ್ಟುಬಿಡಿ. ಅಜ್ಜಿ ವಿಡಿಯೋ ನೋಡಿ ಕರಗಬೇಡಿ. ಇಲ್ಲಾ ಸಂಡೂರಿಗೇ ಹೋಗಿ, ಕೈಯಲ್ಲಿ ಮುಟ್ಟಿ ನೋಡಿ ತನ್ನಿ.

ರನ್ನರ್ ಈಗ ಸ್ಕೂಟಿ ಒರೆಸುವ ಬಟ್ಟೆ. ಅದಕ್ಕೂ ಸರಿಯಿಲ್ಲ, ಪಾಲಿಯೆಸ್ಟರ್, ನೀರೇ ಹೀರಲ್ಲ.