ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಸ್ಟಾರ್ಟರ್ ಸೆಟ್, ಮೂರು ಭಾನುವಾರ ಆಡಿದ್ಮೇಲೆ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದ್ರೆ ಒಬ್ಬೊಬ್ರು ಒಂದೊಂದು ಪಾತ್ರ ಆಗಿ ಕಥೆ ಕಟ್ಕೊಂಡು ಆಡೋ ಆಟ, ಹೊಸಬರಿಗೆ ಅಂತ 2014ರಲ್ಲಿ ಬಂದ ಸ್ಟಾರ್ಟರ್ ಸೆಟ್ ಇದು. ಕೊರಿಯರ್‌ನೋರು ಡಬ್ಬಿ ಮೂಲೆ ಜಜ್ಜಿ ತಂದುಕೊಟ್ರು, ಒಳಗಡೆ ಎಲ್ಲ ನೆಟ್ಟಗಿತ್ತು. 32 ಪುಟದ ರೂಲ್ಸ್ ಬುಕ್ಕು, 64 ಪುಟದ ಕಥೆ ಬುಕ್ಕು, ರೆಡಿ ಮಾಡಿಟ್ಟ 5 ಪಾತ್ರಗಳು, 6 ದಾಳ, ಅಷ್ಟೇ.

ಬೋರ್ಡ್ ಎಲ್ಲಿ ಕಾಕಾ ಅಂತ ಅಣ್ಣನ ಮಗ ಡಬ್ಬಿ ಬೋರಲು ಹಾಕಿ ಅಲ್ಲಾಡಿಸಿದ. ಬೋರ್ಡ್ ಇಲ್ಲ, ಕಾಯಿನೂ ಇಲ್ಲ. ಒಬ್ರು ಕಥೆ ನಡೆಸ್ತಾರೆ, ಉಳಿದೋರು ನನ್ನ ಪಾತ್ರ ಹಿಂಗ್ ಮಾಡುತ್ತೆ ಅಂತ ಹೇಳ್ತಾರೆ, ಅದು ಆಗುತ್ತೋ ಇಲ್ವೋ ಅನ್ನೋದು 20 ಮುಖದ ದಾಳದ ಮೇಲೆ. ದಾವಣಗೆರೆ ಪಿ.ಜೆ. ಬಡಾವಣೆ ಮನೇಲಿ ಪೇಪರ್ ಹಾಸಿ ಮಂಡಕ್ಕಿ ಮಿರ್ಚಿ ಸುರ್ಕೊಂಡು ಕೂತಿದ್ವಿ, ಕಥೇಲಿ ದಾರಿ ನಡುವೆ ಗಾಬ್ಲಿನ್ ಅನ್ನೋ ಕುಳ್ಳ ರಾಕ್ಷಸರು ಮೇಲೆ ಬಿದ್ರು, ನನ್ನ ಮಗಳು "ಅಪ್ಪಾ, ನಾನು ಸತ್ತ ಕುದುರೆ ಹಿಂದೆ ಅಡಗಿಕೊಂತೀನಿ, ಉಸಿರೂ ಬಿಡಲ್ಲ" ಅಂದ್ಲು, ದಾಳ ಉರುಳಿ ಮಂಡಕ್ಕಿ ಒಳಗೆ ಹೋಗಿ ನಿಂತ್ಕೊಂತು, ಮೆಲ್ಲಗೆ ಸರಿಸಿ ನೋಡಿದ್ರೆ 19, ಅಡಗೇಬಿಟ್ಲು!

ಈ ಆಟ ಮಾಡಿದೋರಲ್ಲಿ ಒಬ್ರಾದ ಗ್ಯಾರಿ ಗೈಗ್ಯಾಕ್ಸ್ ಬಗ್ಗೆ ಓದಿದ್ಮೇಲೆ ಈ ಡಬ್ಬಿ ಮೇಲೆ ಇನ್ನೂ ಪ್ರೀತಿ ಬಂತು ನಂಗೆ. 1938ರಲ್ಲಿ ಶಿಕಾಗೋದಲ್ಲಿ ಹುಟ್ಟಿದೋರು, ಇನ್ಶೂರೆನ್ಸ್ ಕಂಪನಿ ಕೆಲಸ 1970ರಲ್ಲಿ ಹೋಯ್ತು, ಆಮೇಲೆ ಮನೆ ನೆಲಮಾಳಿಗೇಲಿ ಶೂ ರಿಪೇರಿ ಮಾಡ್ಕೊಂಡು ಸಂಸಾರ ನಡೆಸ್ತಾ ಆಟದ ರೂಲ್ಸ್ ಬರೀತಿದ್ರಂತೆ. ನಮ್ಮಪ್ಪನೂ ಕಾಟನ್ ಮಿಲ್ ಮುಚ್ಚಿದ್ಮೇಲೆ ಸೈಕಲ್ ರಿಪೇರಿ ಮಾಡೇ ನಮ್ಮನ್ನ ಓದಿಸಿದ್ದು, ಹಂಗಾಗಿ ಆ ಮಾತು ಎದೆಗೆ ನಾಟ್ತು. 1973ರಲ್ಲಿ ಗೆಳೆಯ ಡಾನ್ ಕೇ ಜೊತೆ ಟಿಎಸ್‌ಆರ್ ಕಂಪನಿ, 1974ರಲ್ಲಿ ಆಟ, ಮೊದಲ ಸಲ 1000 ಡಬ್ಬಿ, ಅದನ್ನೂ ಕೈಯಲ್ಲೇ ಜೋಡಿಸಿದ್ದು. ಮುಂದೆ ಆ ಕಂಪನೀನೂ ಕೈ ತಪ್ಪಿ ಹೊರಗೆ ಬಂದ್ರು, 2008ರಲ್ಲಿ ತೀರ್ಕೊಂಡ್ರು.

ಆದ್ರೆ ಎಲ್ರೂ ಗೈಗ್ಯಾಕ್ಸ್ ಹೆಸರೇ ಹೇಳೋದು ಸರಿಯಲ್ಲ. ಅಲ್ಲೀತನಕ ಯುದ್ಧದ ಆಟದಲ್ಲಿ ಇಡೀ ಸೈನ್ಯ ನಡೆಸ್ತಿದ್ರು, ಒಬ್ರಿಗೆ ಒಂದೇ ಪಾತ್ರ ಕೊಟ್ಟು ಅದು ದಿನದಿಂದ ದಿನಕ್ಕೆ ಬೆಳೆಯೋ ಹಂಗೆ ಆಡಿಸಿದ್ದು ಡೇವ್ ಆರ್ನೆಸನ್. ಅದನ್ನ ಊರೋರೆಲ್ಲ ಆಡೋ ರೂಲ್ಸ್ ಮಾಡಿ ಬರೆದಿದ್ದು ಗೈಗ್ಯಾಕ್ಸ್. ಮಗಳು ಕುದುರೆ ಹಿಂದೆ ಅಡಗಿದ್ದಕ್ಕೆ ಇಬ್ರೂ ಬೇಕಿತ್ತು.

ತಕರಾರು ಎರಡೈತೆ. ಐದು ಜನಕ್ಕೆ ಒಂದೇ ಸೆಟ್ ದಾಳ ಸಾಲಲ್ಲ, ಇನ್ನೊಂದು ಸೆಟ್ ದಾಳ ತಗೊಳ್ಳಿ. ಎಲ್ಲ ಇಂಗ್ಲಿಷ್‌ನಲ್ಲೈತೆ, ನಾನು ಪೆನ್ಸಿಲಲ್ಲಿ ಪಕ್ಕದಲ್ಲೇ ಕನ್ನಡ ಬರೆದೆ, ಕಥೆ ನಡೆಸೋರು ಮೊದಲೇ ಪೂರ್ತಿ ಓದ್ಕೊಂಡಿರಬೇಕು. ಮುಂದಿನ ವಾರ ನಾನೇ ನಡೆಸ್ತೀನಿ ಕಾಕಾ ಅಂತ ಅಣ್ಣನ ಮಗ ಕಥೆ ಬುಕ್ ಮನೆಗೆ ಒಯ್ದಿದಾನೆ.